ಅಣ್ಣ ನೋಡಿಕೊಳ್ಳುವ ಉಪ್ಪುನೀರಿನ ಮೀನು



ನಮ್ಮ ಮನೆಯಲ್ಲಿ ಮೀನು ಅಂದ್ರೆ ಒಂದು ಸಾರಿಗೆ, ಇಲ್ಲಾಂದ್ರೆ ಮಾರಾಟಕ್ಕೆ. ಅಪ್ಪ ಹರಿಗೋಲಿನಲ್ಲಿ ಹೋಗಿ ತುಂಗಭದ್ರಾ ನದಿಗೆ ಬಲೆ ಬಿಡುತ್ತಾನೆ. ಕಾಟ್ಲಾ, ರೋಹು, ಬಾಳೆಮೀನು ಸಿಕ್ಕರೆ ಅವ್ವ ಕಂಪ್ಲಿಗೆ ಒಯ್ದು ಮಾರುತ್ತಾಳೆ. ಅಣ್ಣನಿಗೂ ಮೀನಿನ ಕೆಲಸವೇ, ಆದರೆ ಬೆಂಗಳೂರಿನಲ್ಲಿ. ಅಂಗಡಿಯವರ ಪರವಾಗಿ ಮನೆಮನೆಗೆ ಹೋಗಿ ಗಾಜಿನ ತೊಟ್ಟಿಯ ಮೀನುಗಳನ್ನು ನೋಡಿಕೊಳ್ಳುತ್ತಾನೆ. ಅವು ತಿನ್ನುವ ಮೀನಲ್ಲ, ಬರೀ ನೋಡುವ ಮೀನು!

ಹೋದ ವರ್ಷ ಹಂಪಿ ಜಾತ್ರೆಗೆ ಬರ್ತೀನಿ ಅಂತ ಅಣ್ಣ ಹೇಳಿದ್ದ. ಹೋಳಿಗೆ ಮಾಡಬೇಕೆಂದು ಅವ್ವ ಕಡಲೆಬೇಳೆ, ಬೆಲ್ಲ ತಂದಿಟ್ಟಿದ್ದಳು. ತೇರಿನ ಹಿಂದಿನ ದಿನ ಫೋನು ಬಂತು. "ಅವ್ವಾ, ಒಬ್ಬರ ಮನೀಲಿ ಮೀನಿಗೆ ಹುಷಾರಿಲ್ಲ, ಬರಾಕ ಆಗಲ್ಲ" ಅಂದ. ಅಪ್ಪ ಜೋರಾಗಿ ನಕ್ಕ. ಅವ್ವ ನಗಲಿಲ್ಲ. ಬೇಳೆ ಡಬ್ಬಿಯನ್ನು ಅಟ್ಟದ ಮೇಲೆ ಇಟ್ಟುಬಿಟ್ಟಳು.

ದಸರಾ ರಜೆಯಲ್ಲಿ ಅಪ್ಪನೂ ನಾನೂ ಹೊಸಪೇಟೆಯಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋದೆವು. ಅಣ್ಣ ಆ ಮನೆಗೇ ಕರೆದುಕೊಂಡು ಹೋದ. ಐದಡಿ ಉದ್ದದ ತೊಟ್ಟಿ. ಅದರಲ್ಲಿ ಕಡುನೀಲಿ ಬಣ್ಣದ, ಹಳದಿ ಬಾಲದ ಮೀನು. ಅದಕ್ಕೆ ಸರ್ಜನ್ ಮೀನು ಅನ್ನುತ್ತಾರೆ. ಬಾಲದ ಬುಡದಲ್ಲಿ ಎರಡೂ ಕಡೆ ಡಾಕ್ಟರ ಚಾಕುವಿನಂಥ ಚೂಪಾದ ಮುಳ್ಳು ಇರುವುದರಿಂದ ಆ ಹೆಸರು. ಇದು ಸಮುದ್ರದ ಹವಳದ ದಿಬ್ಬಗಳಲ್ಲಿ ಇರುತ್ತದೆ, ಪಾಚಿ ಮೇಯುತ್ತದೆ, 30 ಸೆಂಟಿಮೀಟರ್‌ವರೆಗೂ ಬೆಳೆಯುತ್ತದೆ.

ಅಡುಗೆ ಉಪ್ಪು ಹಾಕಿದರೆ ಆಗುತ್ತಾ ಅಂತ ಕೇಳಿದೆ. ಆಗಲ್ಲವಂತೆ. ಸಮುದ್ರದ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಎಲ್ಲಾ ಇರುತ್ತವೆ, ಅದಕ್ಕೆ ಬೇರೆ ಉಪ್ಪೇ ಬರುತ್ತದೆ. ಒಂದು ಲೀಟರಿಗೆ ಸುಮಾರು 35 ಗ್ರಾಂ. ಆ ತೊಟ್ಟಿ 400 ಲೀಟರಿನದು. ನೀವೇ ಗುಣಿಸಿ ನೋಡಿ, 14 ಕಿಲೋ ಉಪ್ಪು! ನೀರು ಆವಿಯಾಗಿ ಕಡಿಮೆಯಾದರೆ ಮಾತ್ರ ಸಿಹಿನೀರನ್ನೇ ಹಾಕಬೇಕು. ಯಾಕೆಂದರೆ ಉಪ್ಪು ಆವಿಯಾಗುವುದಿಲ್ಲ, ತೊಟ್ಟಿಯಲ್ಲೇ ಉಳಿಯುತ್ತದೆ. ಹೊಸ ತೊಟ್ಟಿಗೆ ಅವತ್ತೇ ಮೀನು ಬಿಡುವ ಹಾಗೂ ಇಲ್ಲ. ಮೀನಿನ ಹೊಲಸಿನಿಂದ ಅಮೋನಿಯಾ ಎಂಬ ವಿಷ ಹುಟ್ಟುತ್ತದೆ. ಅದನ್ನು ಕಳೆಯುವ ಬ್ಯಾಕ್ಟೀರಿಯಾ ಕಲ್ಲುಗಳ ಮೇಲೆ ಬೆಳೆಯಲು ವಾರಗಟ್ಟಲೆ ಕಾಯಬೇಕು. "ಮೊದಲು ನೀರು ಸಾಕಬೇಕು, ಆಮೇಲೆ ಮೀನು" ಅಂದ ಅಣ್ಣ.

ಜಾತ್ರೆ ಹೊತ್ತಿಗೆ ಆ ಮೀನಿಗೆ ಬಿಳಿಚುಕ್ಕೆ ರೋಗ ಬಂದಿತ್ತು. ಮೈಮೇಲೆ ಉಪ್ಪಿನ ಹರಳು ಉದುರಿಸಿದ ಹಾಗೆ ಕಾಣುತ್ತದಂತೆ. ಸರ್ಜನ್ ಮೀನುಗಳಿಗೆ ಈ ರೋಗ ಬೇಗ ತಗಲುತ್ತದೆ. ಅಣ್ಣ ಅದನ್ನು ಬೇರೆ ತೊಟ್ಟಿಗೆ ಹಾಕಿ, ದಿನಾ ಔಷಧಿ ಅಳೆದು ಹಾಕಿ ಉಳಿಸಿದ್ದ.

ಅಪ್ಪ ತುಂಬಾ ಹೊತ್ತು ಗಾಜಿನ ಮುಂದೆ ನಿಂತಿದ್ದ. "ಇಲ್ಲಿ ಮರಿ ಮಾಡ್ತದೇನು?" ಅಂತ ಕೇಳಿದ. ಮನೆಯ ತೊಟ್ಟಿಯಲ್ಲಿ ಮಾಡಲ್ಲ ಅಂದ ಅಣ್ಣ. 2016ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ವಿಜ್ಞಾನಿಗಳು ಮೊದಲ ಸಲ ಇದರ ಮರಿಗಳನ್ನು ತೊಟ್ಟಿಯಲ್ಲೇ ಬೆಳೆಸಿದರಂತೆ. ಆದರೂ ಮಾರಾಟಕ್ಕೆ ಬರುವ ಹೆಚ್ಚಿನವು ಸಮುದ್ರದಲ್ಲಿ ಹಿಡಿದವೇ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಇದೂ ನಿನ್ನಂಗ ಊರು ಬಿಟ್ಟು ಬಂದೈತಿ" ಅಂದ. ಅಣ್ಣ ಏನೂ ಮಾತಾಡಲಿಲ್ಲ, ಗಾಜು ಒರೆಸುತ್ತಾ ಇದ್ದ.

ಊರಿಗೆ ಬಂದ ಮೇಲೆ ಅವ್ವನಿಗೆ ಎಲ್ಲಾ ಹೇಳಿದೆ. "ಮೀನು ಬದುಕಿತಾ?" ಅಂತ ಅದೊಂದೇ ಕೇಳಿದಳು. ಬದುಕಿದೆ ಅಂದೆ. "ಹೋಗ್ಲಿ ಬಿಡು" ಅಂದಳು.

ನನಗೂ ಮೀನು ಸಾಕುವ ಆಸೆ ಇದೆ. ಆದರೆ ನಮ್ಮ ಊರಿನ ಕರೆಂಟು ನಿಮಗೆ ಗೊತ್ತೇ ಇದೆ. ಪಂಪು ನಿಂತರೆ ಸಮುದ್ರದ ಮೀನಿಗೆ ಉಸಿರು ಕಟ್ಟುತ್ತದೆ. ನಮ್ಮ ಹೊಳೆಗೆ ಪಂಪು ಬೇಡ, ಉಪ್ಪೂ ಬೇಡ. ಮುದ್ಲಾಪುರದಿಂದ ಕಂಪ್ಲಿವರೆಗಿನ ಹೊಳೆಯನ್ನು 2015ರಲ್ಲಿ ಸರಕಾರ ನೀರುನಾಯಿ ಸಂರಕ್ಷಿತ ಪ್ರದೇಶ ಎಂದು ಘೋಷಿಸಿದೆ. ಮೀನು ಇದ್ದರೆ ತಾನೇ ನೀರುನಾಯಿ? ಅದಕ್ಕೇ ಹೊಳೆಗೆ ಪ್ಲಾಸ್ಟಿಕ್, ಔಷಧಿ ಡಬ್ಬಿ ಎಸೆಯಬೇಡಿ.

ದೀಪಾವಳಿಗೆ ಅಣ್ಣ ರಜೆ ಕೇಳಿದ್ದಾನೆ. ಬಂದರೆ ಶಾಲೆಗೆ ಕರೆದುಕೊಂಡು ಬರುತ್ತೇನೆ. ನಿಮ್ಮ ಪ್ರಶ್ನೆಗಳನ್ನು ಈಗಲೇ ಬರೆದಿಟ್ಟುಕೊಳ್ಳಿ.

— 7ನೇ ತರಗತಿ