ಮಾವಿನಕುರ್ವೆಯಲ್ಲಿ ಉಣ್ಣೆಯ ಜಡೆ

ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ ಧುಮುಕಿ ಬರುವ ಶರಾವತಿಯು ಹೊನ್ನಾವರದ ಬಳಿ ಕಡಲನ್ನು ಸೇರುವ ಮೊದಲು ತನ್ನ ವೇಗವನ್ನೆಲ್ಲ ಮರೆತು ಹರಡಿಕೊಳ್ಳುತ್ತಾಳೆ. ಅಲ್ಲಿ ಅವಳ ಮಡಿಲಲ್ಲಿರುವ ನಡುಗಡ್ಡೆಗಳಲ್ಲಿ ಮಾವಿನಕುರ್ವೆಯೂ ಒಂದು. ಕುರ್ವೆ ಎಂದರೆ ಆ ಸೀಮೆಯ ಮಾತಿನಲ್ಲಿ ಹೊಳೆಯ ನಡುವಣ ನೆಲ. ತೆಂಗಿನ ತೋಟ, ಉಪ್ಪುನೀರಿನ ವಾಸನೆ, ಅಂಗಳದಲ್ಲಿ ಹರವಿದ ಬಲೆ. ಬಯಲುಸೀಮೆಯವರಾದ ನಮಗೆ ಎಲ್ಲವೂ ಹೊಸತು. ಸೆಕೆಯಂತೂ ಹೇಳತೀರದು. ಇಂಥ ಊರಿಗೆ ಉಣ್ಣೆಯ ಉಂಡೆಗಳನ್ನು ಹೊತ್ತು ಹೋದವರು ಬಹುಶಃ ನಾವೇ ಮೊದಲಿಗರು!

ಮಗ ಉದ್ಯೋಗಕ್ಕಾಗಿ ಶಿಮ್ಲಾ ಸೇರಿದ್ದಾನೆ. ಚಳಿಗೆ ಮುನ್ನ ಅವನಿಗೆ ಸ್ವೆಟರ್ ತಲುಪಬೇಕು. ಈವರೆಗೆ ನಾವು ಹೆಣೆದದ್ದು ಕೂಸುಗಳ ಕುಲಾವಿ, ಕಾಲುಚೀಲಗಳನ್ನು ಮಾತ್ರ. ದೊಡ್ಡವರ ಅಳತೆಯ ಉಡುಪು, ಅದೂ ಎದೆಯ ಮೇಲೆ ಜಡೆ ಹೆಣೆದದ್ದು, ಇದೇ ಮೊದಲು. ಒಂದೇ ಬಣ್ಣದ ಪಾಕಿನ ಉಣ್ಣೆ ಅಂಗಡಿಯಲ್ಲಿ ಉಳಿದದ್ದು 800 ಗ್ರಾಂ. ಮುಗಿದರೆ ಅದೇ ಛಾಯೆ ಮತ್ತೆ ದೊರೆಯದು.

ಜಡೆಯ ಗುಟ್ಟು ಬಲು ಸರಳ. ಆರು ಕಣ್ಣುಗಳಲ್ಲಿ ಮೊದಲ ಮೂರನ್ನು ಚಿಕ್ಕ ಕಡ್ಡಿಗೆ ತೆಗೆದು ಮುಂದೆ ಹಿಡಿದು, ಉಳಿದ ಮೂರನ್ನು ಹೆಣೆದು, ಬಳಿಕ ಆ ಮೂರನ್ನು ಹೆಣೆದರೆ ತಿರುವು ಎಡಕ್ಕೆ ವಾಲುತ್ತದೆ. ಹಿಂದೆ ಹಿಡಿದರೆ ಬಲಕ್ಕೆ. ಆದರೆ ಈ ತಿರುವು ಬಟ್ಟೆಯನ್ನು ಒಳಕ್ಕೆ ಎಳೆಯುತ್ತದೆ. ತುಂಡೊಂದನ್ನು ಹೆಣೆದು, ಒಗೆದು, ಒಣಗಿಸಿ ಅಳೆದಾಗ ನಾಲ್ಕು ಅಂಗುಲಕ್ಕೆ ಸಾದಾ ಹೆಣಿಗೆಯಲ್ಲಿ 22 ಕಣ್ಣು, ಜಡೆಯಲ್ಲಿ 28. ಮಗನ ಎದೆ 38 ಅಂಗುಲ; ಸಡಿಲಕ್ಕೆ ನಾಲ್ಕು ಸೇರಿಸಿ 42. ಪೂರ್ತಿ ಜಡೆಯಿರುವ ಒಂದು ಮಗ್ಗುಲಿಗೆ 147 ಕಣ್ಣು ಬೇಕು. ಸಾದಾ ಲೆಕ್ಕ ಹಿಡಿದಿದ್ದರೆ 116ಕ್ಕೆ ನಿಲ್ಲುತ್ತಿತ್ತು, ಸ್ವೆಟರ್ ತಮ್ಮನಿಗಾಗುತ್ತಿತ್ತು.

ಅಂಗಳದಲ್ಲಿ ಬಲೆ ಸರಿಪಡಿಸುತ್ತಿದ್ದ ಹಿರಿಯರೊಬ್ಬರು ನಮ್ಮ ಕೈಯನ್ನೇ ನೋಡುತ್ತಿದ್ದು, "ಕಣ್ಣು ಎಷ್ಟು ಹಾಕಿದ್ರಿ ಅಮ್ಮಾ?" ಎಂದು ಕೇಳಿದರು. ಹೌದಲ್ಲ! ಬಲೆಗೂ ಕಣ್ಣು, ಹೆಣಿಗೆಗೂ ಕಣ್ಣು; ಎರಡಕ್ಕೂ ಹೆಣೆಯುವುದೆಂದೇ ಹೆಸರು. ಕಣ್ಣುಗಳು ಒಂದೇ ಸಮನಾಗಿರಲೆಂದು ಅವರು ಚಪ್ಪಟೆಯ ಮರದ ತುಂಡೊಂದನ್ನು ಬಳಸುತ್ತಿದ್ದರು. ನಮ್ಮ ಅಳತೆಯ ತುಂಡು ಮಾಡುವ ಕೆಲಸವೂ ಅದೇ.

ಜಡೆಯ ಸ್ವೆಟರಿಗೆ ಹೆಸರಾದದ್ದು ಕೂಡ ದ್ವೀಪವೇ, ಐರ್ಲೆಂಡಿನ ಪಶ್ಚಿಮಕ್ಕಿರುವ ಅರಾನ್ ದ್ವೀಪಗಳು. ಮುಳುಗಿ ಸತ್ತ ಬೆಸ್ತರನ್ನು ಮನೆತನದ ವಿನ್ಯಾಸದಿಂದ ಗುರುತಿಸುತ್ತಿದ್ದರೆಂಬ ಕಥೆ ಪ್ರಚಾರದಲ್ಲಿದೆ. ಅದು ದಂತಕಥೆ. ಸಿಂಜ್ ಎಂಬ ಲೇಖಕರ 1904ರ ನಾಟಕದಲ್ಲಿ ತಂಗಿಯೊಬ್ಬಳು ಅಣ್ಣನ ಕಾಲುಚೀಲದ ಕಣ್ಣುಗಳನ್ನು ಎಣಿಸಿ ಗುರುತು ಹಿಡಿಯುವ ಪ್ರಸಂಗವಿದೆ. ಕಥೆ ಬೆಳೆದದ್ದು ಅಲ್ಲಿಂದ. ಕಡಲಿಗೆ ಗಂಡಸರನ್ನು ಕಳುಹಿಸುವ ಮನೆಗಳ ಮುಂದೆ ಕುಳಿತು ಅದನ್ನು ನೆನೆದಾಗ ಕೈ ಒಂದು ಕ್ಷಣ ನಿಂತಿತು.

ಪಕ್ಕದ ಮನೆಯ ಅಜ್ಜಿ ಕತ್ತದ ಹಗ್ಗ ಹೊಸೆಯುತ್ತಿದ್ದರು. ತಿಂಗಳುಗಟ್ಟಲೆ ನೀರಿನಲ್ಲಿ ಕೊಳೆಸಿದ ತೆಂಗಿನ ಸಿಪ್ಪೆಯನ್ನು ಬಡಿದು ತೆಗೆದ ನಾರು ಅದು. ಬೆವರಿದ ಬೆರಳಿಗೆ ನಮ್ಮ ಉಣ್ಣೆ ಅಂಟುತ್ತಿತ್ತು. ಅವರ ಅಂಗೈಯಲ್ಲಿ ನಾರು ಸರಾಗವಾಗಿ ಸುತ್ತಿಕೊಳ್ಳುತ್ತಿತ್ತು. ನಮ್ಮ ಹೆಣಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿ ನೋಡಿ, "ಹಗ್ಗವೇ ಅಲ್ಲವೇ ತಂಗೀ ಇದು? ಗಟ್ಟಿ ಬಂದಿದೆ" ಎಂದರು.

ಬೆನ್ನು ಮುಗಿದು, ಎದೆಯ ಭಾಗ ಕಂಕುಳಿನವರೆಗೆ ಬಂದಿದೆ. ಉಳಿದಿರುವ ಉಣ್ಣೆ 350 ಗ್ರಾಂ. ತೋಳಿಗೆ ಜಡೆ ಒಂದೇ ಸಾಕೆಂದು ನಿಶ್ಚಯಿಸಿದ್ದೇವೆ.