ಕೂಡಿಸುವುದಕ್ಕಿಂತ ಬಿಡಿಸುವುದು ದೊಡ್ಡದು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಈ ಕಾಲದ ತರುಣರು ಇದಕ್ಕೆ ಮೂರನೆಯದೊಂದನ್ನು ಸೇರಿಸಿರುವರು. ಹಳೆಯ ಕಾರಿನ ಎಂಜಿನನ್ನು ತೆಗೆದು, ಮೋಟಾರನ್ನೂ ಬ್ಯಾಟರಿಗಳನ್ನೂ ಜೋಡಿಸಿ, ಮನೆಯಂಗಳದಲ್ಲಿಯೇ ವಿದ್ಯುತ್ ಕಾರನ್ನು ಸಿದ್ಧಪಡಿಸುವುದೇ ಅದು. ಬೆಂಗಳೂರಿನಲ್ಲಿ ತಯಾರಾದ ರೇವಾ ಎಂಬ ಪುಟ್ಟ ಕಾರು 2001ರಲ್ಲಿ ಮಾರಾಟಕ್ಕೆ ಬಂದ ಮೇಲೆ ಇಂತಹ ವಾಹನವು ನಮ್ಮವರಿಗೆ ಅಪರಿಚಿತವಲ್ಲ. ನಮ್ಮ ಬಂಧುಗಳಲ್ಲಿ ಒಬ್ಬ ಹುಡುಗನು ಈ ಸಾಹಸಕ್ಕೆ ಕೈಹಾಕಿ, ತೋಟದ ಪಂಪಿನ ಸ್ಟಾರ್ಟರಿನಲ್ಲಿದ್ದ ಕಾಂಟ್ಯಾಕ್ಟರನ್ನೇ ಕಾರಿಗೂ ಹಾಕಬಹುದಲ್ಲವೇ ಎಂದು ಕೇಳಿದನು. ಅವನಿಗೆ ಹೇಳಿದ ಉತ್ತರವು ಇತರ ಗೃಹಸ್ಥರಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇವೆ.

ಕಾಂಟ್ಯಾಕ್ಟರೆಂಬುದು ಬ್ಯಾಟರಿಗೂ ಮೋಟಾರಿನ ನಿಯಂತ್ರಕಕ್ಕೂ ನಡುವಣ ಬಾಗಿಲು. ಕೀಲಿ ತಿರುಗಿಸಿದಾಗ ಅದರೊಳಗಿನ ತಂತಿಯ ಸುರುಳಿಯು ಅಯಸ್ಕಾಂತವಾಗಿ ಲೋಹದ ತುಂಡುಗಳನ್ನು ಸೆಳೆದು ಕೂಡಿಸುವುದು. ಕೀಲಿ ತೆಗೆದೊಡನೆ ಸ್ಪ್ರಿಂಗು ಅವುಗಳನ್ನು ಅಗಲಿಸುವುದು. ಸಂಪರ್ಕವೆಂಬ ಶಬ್ದವು ‘ಪೃಚ್’ ಧಾತುವಿನಿಂದ ಹುಟ್ಟಿ ಕೂಡುವಿಕೆಯನ್ನೇ ಹೇಳುತ್ತದೆ. ಆದರೆ ಈ ಸಾಧನದ ಯೋಗ್ಯತೆಯಿರುವುದು ಬಿಡಿಸುವುದರಲ್ಲಿ. ಡೀಸಿ ಮೋಟಾರಿನ ನಿಯಂತ್ರಕವು ಕೆಟ್ಟಾಗ ಕೆಲವೊಮ್ಮೆ ವಿದ್ಯುತ್ತೆಲ್ಲವನ್ನೂ ಮೋಟಾರಿಗೆ ಬಿಟ್ಟುಬಿಡುವುದುಂಟು. ಆಗ ಕಾರು ಅಂಕೆ ಮೀರಿ ಓಡತೊಡಗುತ್ತದೆ. ಒಳಗೆ ಕುಳಿತ ಹೆಂಡತಿ ಮಕ್ಕಳ ಪ್ರಾಣವು ಬ್ರೇಕನ್ನೂ ಈ ಬಾಗಿಲನ್ನೂ ನಂಬಿರುತ್ತದೆ.

ಪಂಪಿನ ಕಾಂಟ್ಯಾಕ್ಟರು ಇಲ್ಲಿ ಏಕೆ ಸಲ್ಲದು? ತೋಟಕ್ಕೆ ಬರುವ ಏಸಿ ವಿದ್ಯುತ್ತು ಸೆಕೆಂಡಿಗೆ 100 ಸಲ ಶೂನ್ಯವನ್ನು ಮುಟ್ಟುತ್ತದೆ. ಲೋಹಗಳು ಅಗಲುವಾಗ ಹೊತ್ತಿಕೊಂಡ ಕಿಡಿಯು ಆ ಶೂನ್ಯದ ಕ್ಷಣದಲ್ಲಿ ಆರಿಹೋಗಲು ಅವಕಾಶವುಂಟು. ಬ್ಯಾಟರಿಯ ಡೀಸಿಗೆ ಅಂತಹ ವಿರಾಮವಿಲ್ಲ. ಕಿಡಿಯು ಆರದೆ ಉರಿಯುತ್ತ ನಿಂತು, ಲೋಹವನ್ನು ಕರಗಿಸಿ, ಪೆಟ್ಟಿಗೆಯನ್ನೇ ಸುಡಬಲ್ಲದು. ಆದುದರಿಂದ ಏಸಿಗೆಂದು ಬರೆದ ಸಂಖ್ಯೆಯನ್ನು ನೋಡಿ ಡೀಸಿಗೆ ಬಳಸಲಾಗದು. ಡೀಸಿಯ ಕಾಂಟ್ಯಾಕ್ಟರಿನಲ್ಲಿ ಕಿಡಿಯನ್ನು ಪಕ್ಕಕ್ಕೆ ತಳ್ಳಿ ಹಿಗ್ಗಿಸಿ ಆರಿಸುವ ಅಯಸ್ಕಾಂತವಿರುತ್ತದೆ. ಕೆಲವುಗಳಲ್ಲಿ ಲೋಹದ ತುಂಡುಗಳನ್ನು ಹೈಡ್ರೋಜನ್ ಅಥವಾ ನೈಟ್ರೋಜನ್ ತುಂಬಿದ ಕೋಶದಲ್ಲಿ ಮುಚ್ಚಿರುತ್ತಾರೆ. ಧನ ಋಣ ಗುರುತುಗಳಿರುವುದನ್ನು ತಿರುವು ಮುರುವಾಗಿ ಜೋಡಿಸಿದರೆ ಕಿಡಿಯು ತಪ್ಪು ದಿಕ್ಕಿಗೆ ಸರಿಯುವುದು.

ಆಯ್ಕೆ ಮಾಡುವಾಗ ಬ್ಯಾಟರಿಯ ಹೆಸರಿನ ವೋಲ್ಟನ್ನು ನೋಡಿದರೆ ಸಾಲದು, ತುಂಬಿದಾಗಿನ ವೋಲ್ಟನ್ನು ನೋಡತಕ್ಕದ್ದು. 3.2 ವೋಲ್ಟಿನ ಲಿಥಿಯಂ ಐರನ್ ಫಾಸ್ಫೇಟ್ ಕೋಶಗಳು 32 ಸೇರಿದರೆ 102.4 ವೋಲ್ಟಾಗುವುದು; ಪೂರ್ತಿ ತುಂಬಿದಾಗ ಕೋಶಕ್ಕೆ 3.65ರಂತೆ 116.8 ಆಗುವುದು. ಎಡೆಬಿಡದೆ ಹೊರಬಲ್ಲ ಆಂಪಿಯರ್ ಎಷ್ಟು, ಆ ವೋಲ್ಟಿನಲ್ಲಿ ಕತ್ತರಿಸಬಲ್ಲ ಆಂಪಿಯರ್ ಎಷ್ಟು ಎಂಬ ಎರಡನ್ನೂ ತಯಾರಕರ ಪಟ್ಟಿಯಲ್ಲಿ ಬೇರೆ ಬೇರೆಯಾಗಿ ಓದಬೇಕು.

ಇನ್ನೊಂದು ಅಪಾಯವು ಕೂಡಿಸುವಾಗಲೇ ಉಂಟು. ನಿಯಂತ್ರಕದ ಕೆಪಾಸಿಟರುಗಳು ಬರಿದಾಗಿದ್ದರೆ ಬಾಗಿಲು ತೆರೆದ ಕ್ಷಣದಲ್ಲಿ ವಿದ್ಯುತ್ತು ನುಗ್ಗಿ, ಲೋಹಗಳು ಒಂದಕ್ಕೊಂದು ಬೆಸೆದುಕೊಳ್ಳಬಹುದು. ಬೆಸೆದುಹೋದ ಮೇಲೆ ಕೀಲಿ ತೆಗೆದರೂ ಫಲವಿಲ್ಲ. ಇದಕ್ಕೆ ಪರಿಹಾರವೆಂದರೆ, ಮೊದಲು ಒಂದು ರೋಧಕದ ಮೂಲಕ ಕೆಪಾಸಿಟರುಗಳನ್ನು ಮೆಲ್ಲಗೆ ತುಂಬಿಸುವುದು. 116.8 ವೋಲ್ಟಿಗೆ 100 ಓಮಿನ ರೋಧಕವನ್ನಿಟ್ಟರೆ ಮೊದಲಿಗೆ ಹರಿಯುವುದು 1.2 ಆಂಪಿಯರಿಗೂ ಕಡಿಮೆ. ಕೆಪಾಸಿಟರು ಬಹುಮಟ್ಟಿಗೆ ತುಂಬಿದ ಮೇಲೆಯೇ ಕಾಂಟ್ಯಾಕ್ಟರನ್ನು ಕೂಡಿಸತಕ್ಕದ್ದು. ಬೆಸುಗೆಯಾಗಿದೆಯೋ ಇಲ್ಲವೋ ಎಂದು ತಿಳಿಸುವ ಸಹಾಯಕ ಸ್ವಿಚ್ಚುಳ್ಳ ಕಾಂಟ್ಯಾಕ್ಟರು ದೊರೆತರೆ ಅದನ್ನೇ ಕೊಳ್ಳುವುದು ಲೇಸು.

ಇಷ್ಟಾದರೂ ಕಾಂಟ್ಯಾಕ್ಟರು ಫ್ಯೂಸಿನ ಕೆಲಸವನ್ನು ಮಾಡದು. ತಂತಿಗಳು ತಗುಲಿ ಹರಿಯುವ ಸಾವಿರಾರು ಆಂಪಿಯರುಗಳನ್ನು ತಡೆಯಲು ಡೀಸಿಗೆ ತಕ್ಕ ಫ್ಯೂಸು ಬೇಕೇ ಬೇಕು. ಚಾಲಕನ ಕೈಗೆ ಎಟಕುವಲ್ಲಿ ಸುರುಳಿಯ ವಿದ್ಯುತ್ತನ್ನು ಕಡಿಯುವ ಕೆಂಪು ಗುಂಡಿಯಿರಲಿ. ಅದನ್ನು ಮನೆಯವರೆಲ್ಲರಿಗೂ ತೋರಿಸಿಕೊಟ್ಟಿರಲಿ.

ಹಣವನ್ನು ಉಳಿಸಬೇಕೆಂದಿರುವವರು ಬಣ್ಣದಲ್ಲಿಯೂ ಆಸನದ ಬಟ್ಟೆಯಲ್ಲಿಯೂ ಉಳಿಸಬಹುದು. ಬಣ್ಣ ಮಾಸಿದರೆ ನೆರೆಯವರು ನಕ್ಕಾರು, ಅಷ್ಟೇ. ಈ ಬಾಗಿಲು ಮುಚ್ಚದೆ ಹೋದರೆ ತೆರಬೇಕಾದ ಬೆಲೆಯನ್ನು ಯಾವ ಅಂಗಡಿಯವನೂ ಬರೆದು ಕೊಡಲಾರನು.