ಅಪ್ಪನ ಡಬ್ಬಿ, ನನ್ನ ಫೋನು

ಕಳೆದ ಜುಲೈನ ಒಂದು ಶನಿವಾರ, ಸಂಜೆ ಏಳೂವರೆ. ಬೆಂಗಳೂರಿನ ಮನೆಯಲ್ಲಿ ಒಣಗಿದ್ದೂ ಒಣಗದ್ದೂ ಆದ ಬಟ್ಟೆ ಮಡಚುತ್ತಾ ಕೂತಿದ್ದೆ. ಅಮ್ಮನ ಫೋನು ಬಂತು.

"ಅಪ್ಪ ಇನ್ನೂ ಬಂದಿಲ್ಲ ಮಾರಾಯ್ತಿ. ನಾಲ್ಕು ಗಂಟೆಗೇ ಶೃಂಗೇರಿ ಬಿಟ್ಟಾಗಿದೆಯಂತೆ. ಫೋನ್ ಮಾಡಿದ್ರೆ ವ್ಯಾಪ್ತಿ ಪ್ರದೇಶದ ಹೊರಗೆ ಅಂತಿದೆ."

ನಮ್ಮ ಮನೆ ತೀರ್ಥಹಳ್ಳಿಯಿಂದ ಸ್ವಲ್ಪ ಒಳಗೆ. ಶೃಂಗೇರಿಯಿಂದ ಹೆಚ್ಚೆಂದರೆ ಎರಡು ಗಂಟೆ ದಾರಿ, ಮಳೆ ಇದ್ದರೂ. ಅಪ್ಪ ಸಹಕಾರಿ ಸಂಘದಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವರು. ಸಾಲ ವಸೂಲಿಗೆ ಅಂತ ಬೈಕಿನಲ್ಲಿ ಅವರು ಹೋಗದ ಮೂಲೆ ಆ ಕಡೆ ಇಲ್ಲ. ಅಂಥವರು ದಾರಿಯಲ್ಲಿ ಎಲ್ಲಿ ಹೋದರು? ನಾನು ಇಲ್ಲಿಂದ ಹದಿನೈದು ಸಲ ಫೋನ್ ಮಾಡಿದೆ. ಮಾಡುತ್ತಾ ಮಾಡುತ್ತಾ ಬೆಂಗಳೂರಿನಿಂದ ಹೊರಟರೆ ಎಷ್ಟು ಗಂಟೆಗೆ ತಲುಪಬಹುದು ಅಂತ ಲೆಕ್ಕ ಹಾಕುತ್ತಿದ್ದೆ.

ಒಂಬತ್ತು ಗಂಟೆಗೆ ಬಂದರು. "ಮರ ಬಿದ್ದಿತ್ತು, ಬಳಸಿ ಬಂದೆ" ಅಂದರಂತೆ. ಊಟ ಮಾಡಿದರು, ಮಲಗಿದರು, ಅಷ್ಟೇ. ಮಾರನೇ ದಿನ ಅಮ್ಮ ಅಡುಗೆಮನೆಯಿಂದ ಮೆಲ್ಲಗೆ ಹೇಳಿದಳು. ಪಕ್ಕದ ಮನೆಯವರೂ ಅದೇ ದಾರಿಯಲ್ಲಿ ಆರು ಗಂಟೆಗೆ ಬಂದಿದ್ದರಂತೆ. ಮರ ಗಿರ ಏನೂ ಬಿದ್ದಿರಲಿಲ್ಲ.

ಅಪ್ಪನಿಗೆ ಆಗ 69 ವರ್ಷ. ನನ್ನ ತಲೆಯಲ್ಲಿ ಏನೇನು ಓಡಿತು ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ರಾತ್ರಿ ಎರಡು ಗಂಟೆಗೆ ಫೋನಿನಲ್ಲಿ 'ಮರೆವಿನ ಮೊದಲ ಲಕ್ಷಣಗಳು' ಅಂತ ಹುಡುಕಿದವರಿಗೆ ಗೊತ್ತಿರುತ್ತೆ.

ನಾನು ಕಂಡುಕೊಂಡ ಪರಿಹಾರ ಬಹಳ ಸರಳವಾಗಿತ್ತು. ಒಂದು ಒಳ್ಳೆ ಫೋನ್ ಹೋಲ್ಡರ್, ಕಾರ್ ಚಾರ್ಜರ್, ಫೋನಿನಲ್ಲಿ ಮ್ಯಾಪು. ಅಪ್ಪ ಕೂಡಲೇ ಬೇಡ ಅಂದರು. "ನನಗೆ ಬೇಕಿದ್ರೆ ಆ ಡಬ್ಬಿ ಇದೆಯಲ್ಲ."

ಡಬ್ಬಿ ಅಂದರೆ 2012ರಲ್ಲಿ ನಾನು ಮೊದಲ ಬೋನಸ್ಸಿನಲ್ಲಿ ಅವರಿಗೆ ತೆಗೆದುಕೊಟ್ಟ ನ್ಯಾವಿಗೇಟರ್. ಐದಿಂಚಿನ ಪರದೆ, ಹಿಂದೆ ಗಾಜಿಗೆ ಅಂಟುವ ರಬ್ಬರ್ ಬಟ್ಟಲು. ಈಗಿನ ಹುಡುಗರು ಅಂಥದ್ದನ್ನು ನೋಡಿರಲಿಕ್ಕಿಲ್ಲ. ಆಗ ಗಾರ್ಮಿನ್, ಮ್ಯಾಪ್‌ಮೈಇಂಡಿಯಾ ಅಂತ ಅಂಗಡಿಗಳಲ್ಲಿ ಸಾಲಾಗಿ ಇಟ್ಟಿರುತ್ತಿದ್ದರು. ಅಪ್ಪನಿಗೆ ಅದರ ಮೇಲೆ ಎಂಥಾ ಪ್ರೀತಿ ಅಂದರೆ, ಅದರೊಳಗಿನ ಹೆಂಗಸು ಇಂಗ್ಲಿಷಿನಲ್ಲಿ ಎಡಕ್ಕೆ ತಿರುಗು ಅಂದರೆ "ಆಯ್ತು ತಾಯಿ" ಅಂತ ಉತ್ತರ ಕೊಡುತ್ತಿದ್ದರು. ಆಮೇಲೆ ನಕ್ಷೆ ಹಳೆಯದಾಯಿತು, ಕಂಪ್ಯೂಟರಿಗೆ ಜೋಡಿಸಿ ಹೊಸದು ತುಂಬಿಸುವ ರಗಳೆ ಯಾರಿಗೂ ಬೇಡವಾಯಿತು. ಡಬ್ಬಿ ಕಪಾಟು ಸೇರಿತು.

ಒಂದು ತಿಂಗಳು ಇದೇ ಜಗಳ. ಕೊನೆಗೆ ದಸರಾ ರಜೆಗೆ ಊರಿಗೆ ಹೋದಾಗ ಎರಡನ್ನೂ ಕಾರಿನಲ್ಲಿ ಇಟ್ಟುಕೊಂಡು ಶೃಂಗೇರಿಗೆ ಹೋಗಿ ಬರೋಣ, ಯಾವುದು ಗೆಲ್ಲುತ್ತೋ ನೋಡೋಣ ಅಂತ ಒಪ್ಪಂದವಾಯಿತು. ಹೋಗುವಾಗ ಆಗುಂಬೆ ಮೇಲೆ, ಬರುವಾಗ ಕೊಪ್ಪದ ಮೇಲೆ. ಅಪ್ಪ ಸ್ಟಿಯರಿಂಗಿನಲ್ಲಿ, ನಾನು ಪಕ್ಕದಲ್ಲಿ, ಅಮ್ಮ ಹಿಂದೆ ಚಕ್ಕುಲಿ ಡಬ್ಬದ ಜೊತೆ.

ಡಬ್ಬಿಯ ಬ್ಯಾಟರಿ ಸತ್ತೇ ಹೋಗಿತ್ತು. ಸಿಗರೇಟ್ ಲೈಟರ್ ಸಾಕೆಟ್ಟಿಗೆ ಚುಚ್ಚಿದ ಮೇಲೆ ಉಸಿರಾಡಿತು. ಅಂಗಳದಲ್ಲೇ ಹತ್ತು ನಿಮಿಷ ಕಾದೆವು. ಉಪಗ್ರಹ ಹುಡುಕುತ್ತಿದ್ದೇನೆ, ಹುಡುಕುತ್ತಿದ್ದೇನೆ ಅನ್ನುತ್ತಲೇ ಇತ್ತು. ನಾನು ಒಳಗೊಳಗೇ ಖುಷಿಪಟ್ಟೆ. ಆದರೆ ಇದಕ್ಕೆ ಕಾರಣ ಇದೆ, ಆಮೇಲೆ ಓದಿ ತಿಳಿದುಕೊಂಡೆ. ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20 ಸಾವಿರ ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಅವುಗಳಲ್ಲಿ ನಾಲ್ಕಾದರೂ ಒಟ್ಟಿಗೆ ಸಿಕ್ಕರೆ ನಾವು ಎಲ್ಲಿದ್ದೇವೆ ಅಂತ ಸರಿಯಾಗಿ ಲೆಕ್ಕ ಹಾಕಬಹುದು. ಯಾವ ಉಪಗ್ರಹ ಎಲ್ಲಿದೆ ಅನ್ನುವ ಪಂಚಾಂಗವನ್ನೂ ಅವೇ ಕಳಿಸುತ್ತವೆ, ಆದರೆ ಸೆಕೆಂಡಿಗೆ ಬರೇ 50 ಬಿಟ್ ವೇಗದಲ್ಲಿ. ಪೂರ್ತಿ ಪಂಚಾಂಗ ಬರಲು ಹನ್ನೆರಡೂವರೆ ನಿಮಿಷ ಬೇಕು! ವರ್ಷಗಟ್ಟಲೆ ಕಪಾಟಿನಲ್ಲಿದ್ದ ಡಬ್ಬಿ ಅದನ್ನೆಲ್ಲ ಹೊಸದಾಗಿ ಕೇಳಿಸಿಕೊಳ್ಳಬೇಕು. ಫೋನು ಅದನ್ನೇ ಇಂಟರ್‌ನೆಟ್ಟಿನಿಂದ ಕ್ಷಣದಲ್ಲಿ ಎಳೆದುಕೊಳ್ಳುತ್ತೆ. ನೆಟ್‌ವರ್ಕ್ ಇದ್ದರೆ.

ಕೊನೆಗೆ ಡಬ್ಬಿಗೆ ಆಕಾಶ ಸಿಕ್ಕಿತು, ಆದರೆ ತಾರೀಕು ಸುಮಾರು ಇಪ್ಪತ್ತು ವರ್ಷ ಹಿಂದಿನದು ತೋರಿಸಿತು. ಇದಕ್ಕೂ ಕಾರಣವಿದೆ. ಹಳೆಯ ಜಿಪಿಎಸ್ ವಾರಗಳನ್ನು 1024ರವರೆಗೆ ಮಾತ್ರ ಎಣಿಸುತ್ತೆ, ಆಮೇಲೆ ಮತ್ತೆ ಸೊನ್ನೆಯಿಂದ. 2019ರ ಏಪ್ರಿಲ್‌ನಲ್ಲಿ ಹಾಗೆ ಒಂದು ಸಲ ಸೊನ್ನೆಗೆ ಬಂದಿತ್ತು. ಸಾಫ್ಟ್‌ವೇರ್ ಬದಲಾಯಿಸದ ಯಂತ್ರಗಳು ಹೀಗೆ ಭೂತಕಾಲದಲ್ಲಿ ಉಳಿದುಬಿಡಬಹುದು. ನಾನು ವಿವರಿಸಿದೆ. ಅಪ್ಪ ಪರದೆ ನೋಡಿ, "ಹಾಗಾದ್ರೆ ನನಗೀಗ ಐವತ್ತು. ಒಳ್ಳೇ ಡಬ್ಬಿ" ಅಂದು ಗೇರ್ ಹಾಕಿದರು.

ತೀರ್ಥಹಳ್ಳಿ ಪೇಟೆ ದಾಟುವಷ್ಟರಲ್ಲಿ ಫೋನಿನ ಮಾನ ಹೋಯಿತು. ಸರ್ಕಲ್ಲಿನಲ್ಲಿ ಸರಿಯಾಗಿ ನನ್ನ ಮ್ಯಾನೇಜರ್ ಕರೆ. ಇಡೀ ಪರದೆಯ ಮೇಲೆ ಅವನ ಹೆಸರು, ಹಸಿರು ಬಟನ್ನು, ಕೆಂಪು ಬಟನ್ನು. ಮ್ಯಾಪು ಮಾಯ. ಅಪ್ಪ ಗಾಬರಿಯಾಗಿ ಬ್ರೇಕ್ ಒತ್ತಿದರು, ಹಿಂದಿನ ಬಸ್ಸು ಹಾರನ್ ಬಾರಿಸಿತು. "ನಿನ್ನ ಫೋನಿಗೆ ಎಷ್ಟು ಕೆಲಸ ನೋಡು" ಅಂದರು. ಡಬ್ಬಿಗೆ ಒಂದೇ ಕೆಲಸ ಅನ್ನೋದು ಅವರ ವಾದದ ತಿರುಳು. ಅದರಲ್ಲಿ ಹುರುಳಿದೆ ಅಂತ ನನಗೂ ಆ ಹೊತ್ತಿಗೆ ಅನಿಸಿತು. (ನೀವು ಕಾರಿನಲ್ಲಿ ಫೋನ್ ಮ್ಯಾಪ್ ಹಾಕಿಕೊಳ್ಳುವವರಾದರೆ ಹೊರಡುವ ಮೊದಲು 'ತೊಂದರೆ ಕೊಡಬೇಡಿ' ಮೋಡ್ ಹಾಕಿಕೊಳ್ಳಿ. ಮ್ಯಾನೇಜರುಗಳು ಕಾಯುತ್ತಾರೆ. ಫೋನು ಕೈಯಲ್ಲಿ ಹಿಡಿದುಕೊಳ್ಳಬೇಡಿ, ಹೋಲ್ಡರಿನಲ್ಲಿಡಿ. 2020ರ ಅಕ್ಟೋಬರ್‌ನಿಂದ ಜಾರಿಯಾದ ಕೇಂದ್ರ ಮೋಟಾರು ವಾಹನ ನಿಯಮ ದಾರಿ ನೋಡಲು ಫೋನ್ ಬಳಸಬಹುದು ಅನ್ನುತ್ತೆ, ಆದರೆ ಚಾಲಕನ ಗಮನ ತಪ್ಪದ ಹಾಗೆ.)

ಸ್ವಲ್ಪ ಮುಂದೆ ಡಬ್ಬಿಯ ಸರದಿ. ತಿರುವು ನೇರ ಮಾಡಿದ ಹೊಸ ರಸ್ತೆಯ ತುಂಡಿನಲ್ಲಿ ನಾವು ಹೋಗುತ್ತಿದ್ದರೆ ಅದರ ಪ್ರಕಾರ ಕಾರು ಯಾರದೋ ಗದ್ದೆಯಲ್ಲಿ ಓಡುತ್ತಿತ್ತು. ಹಿಂದಿರುಗು, ಹಿಂದಿರುಗು ಅಂತ ಒಂದೇ ಸಮ ಹಟ. "ಪಾಪ, ಅದಕ್ಕೆ ಹೊಸ ರಸ್ತೆ ಗೊತ್ತಿಲ್ಲ" ಅಂದಳು ಅಮ್ಮ.

ಆಗುಂಬೆ ದಾಟಿದ ಮೇಲೆ ನೆಟ್‌ವರ್ಕ್ ಹೋಯಿತು. ಇಲ್ಲಿ ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ಹದಿಮೂರು ವರ್ಷ ಬೆಂಗಳೂರಿನಲ್ಲಿದ್ದು ನಾನು ಜಿಪಿಎಸ್ ಬೇರೆ, ಮ್ಯಾಪ್ ಬೇರೆ ಅನ್ನೋದನ್ನೇ ಮರೆತಿದ್ದೆ. ಮನೆಯಿಂದ ಹಾಕಿಕೊಂಡು ಬಂದ ದಾರಿ ಇರುವವರೆಗೆ ಫೋನು ಚೆನ್ನಾಗಿಯೇ ತೋರಿಸುತ್ತಿತ್ತು. ಪರೀಕ್ಷೆ ಮಾಡೋಣ ಅಂತ ಒಂದು ಒಳದಾರಿಗೆ ತಿರುಗಿಸಲು ಹೇಳಿದೆ. ಮುಗೀತು. ನೀಲಿ ಚುಕ್ಕೆ ಖಾಲಿ ಬೂದು ಕಾಗದದ ಮೇಲೆ ಇರುವೆಯ ಹಾಗೆ ಹರಿಯತೊಡಗಿತು. ಉಪಗ್ರಹ ಫೋನಿಗೂ ಸಿಗುತ್ತಿತ್ತು, ಅದಕ್ಕೆ ಸಿಮ್ಮೂ ಬೇಡ, ಡೇಟಾವೂ ಬೇಡ. ನಾವೆಲ್ಲಿದ್ದೇವೆ ಅಂತ ಅದಕ್ಕೆ ಗೊತ್ತು, ಅಲ್ಲಿ ಏನಿದೆ ಅಂತ ಗೊತ್ತಿಲ್ಲ. ಅದೇ ಹೊತ್ತಿಗೆ ಡಬ್ಬಿ ತನ್ನ ಹೊಟ್ಟೆಯಲ್ಲಿದ್ದ ಹಳೇ ನಕ್ಷೆ ತೆಗೆದು ಆ ಒಳದಾರಿಯನ್ನೂ ಹಳ್ಳವನ್ನೂ ತಣ್ಣಗೆ ತೋರಿಸುತ್ತಿತ್ತು.

ಅಪ್ಪ ಏನೂ ಹೇಳಲಿಲ್ಲ. ಹೇಳದೇ ಇರೋದೇ ಅವರ ಗೆಲುವಿನ ರೀತಿ.

ನನ್ನ ಫೋನಿನಲ್ಲಿ ಆ ಭಾಗದ ಮ್ಯಾಪನ್ನು ಮೊದಲೇ ಡೌನ್‌ಲೋಡ್ ಮಾಡಿಕೊಂಡಿದ್ದರೆ ಈ ಗತಿ ಬರುತ್ತಿರಲಿಲ್ಲ. ಮನೆಯ ವೈಫೈಯಲ್ಲಿ ಕೆಲವು ನಿಮಿಷದ ಕೆಲಸ. ಆಗಾಗ ಅಪ್‌ಡೇಟ್ ಮಾಡದಿದ್ದರೆ ಅದರ ಅವಧಿ ಮುಗಿಯುತ್ತೆ, ಮತ್ತು ಆಫ್‌ಲೈನಿನಲ್ಲಿ ಟ್ರಾಫಿಕ್ ಕಾಣಿಸಲ್ಲ. ಆಗುಂಬೆ ಕಾಡಿನಲ್ಲಿ ಟ್ರಾಫಿಕ್ ಯಾರಿಗೆ ಬೇಕು ಬಿಡಿ.

ಶೃಂಗೇರಿಯಲ್ಲಿ ಊಟವಾದ ಮೇಲೆ ಕಾರಿನಲ್ಲೇ ಕೂತು ಡಬ್ಬಿಯ ಒಳಗೆಲ್ಲ ಒತ್ತಿ ನೋಡುತ್ತಿದ್ದೆ. ಉಳಿಸಿಟ್ಟ ಜಾಗಗಳ ಪಟ್ಟಿ ಸಿಕ್ಕಿತು. ಇಂಗ್ಲಿಷ್ ಅಕ್ಷರದಲ್ಲಿ ಅಪ್ಪ ಕಷ್ಟಪಟ್ಟು ಒತ್ತಿದ ಕನ್ನಡ. ಅಕ್ಕನ ಮನೆ. ಟಯರ್ ಅಂಗಡಿ. ಒಳ್ಳೆ ಕಾಫಿ. ಆಮೇಲೆ ಮಗಳು 1, ಮಗಳು 2, ಮಗಳು 3. ಬೆಂಗಳೂರಿನಲ್ಲಿ ನಾನು ಬದಲಾಯಿಸಿದ ಮೂರು ಪಿಜಿಗಳು. ಮೂರು ಸಲವೂ ಹಾಸಿಗೆ, ಬಕೆಟ್ಟು, ಅಕ್ಕಿ ಡಬ್ಬ ತುಂಬಿಕೊಂಡು ಅವರೇ ಕಾರು ಹೊಡೆದುಕೊಂಡು ಬಂದಿದ್ದರು. ಈಗಿನ ಮನೆ ಪಟ್ಟಿಯಲ್ಲಿಲ್ಲ. ಅದಕ್ಕೆ ನಾನು ಪ್ಯಾಕರ್ಸ್‌ನವರನ್ನು ಕರೆದಿದ್ದೆ.

ಕಾಫಿ ಕುಡಿಯುವಾಗ ಧೈರ್ಯ ಮಾಡಿ ಅಸಲು ವಿಷಯ ತೆಗೆದೆ. ಫೋನಿನಲ್ಲಿ ಇನ್ನೊಂದು ಅನುಕೂಲ ಇದೆ ಅಪ್ಪ, ಲೊಕೇಶನ್ ಶೇರ್ ಅಂತ. ನೀವು ಎಲ್ಲಿದ್ದೀರಿ ಅಂತ ನನಗೂ ಅಮ್ಮನಿಗೂ ಕಾಣಿಸುತ್ತೆ. ಡಬ್ಬಿ ಆಕಾಶದ ಮಾತು ಕೇಳಿಸಿಕೊಳ್ಳುತ್ತೆ ಅಷ್ಟೇ, ಯಾರಿಗೂ ಏನೂ ಹೇಳಲ್ಲ.

ಅಪ್ಪ ಲೋಟ ಕೆಳಗಿಟ್ಟು ಕೇಳಿದರು: "ಇದು ದಾರಿ ನನಗೆ ತೋರಿಸೋಕಾ, ಇಲ್ಲ ನನ್ನನ್ನ ನಿನಗೆ ತೋರಿಸೋಕಾ?"

ಉತ್ತರ ಗೊತ್ತಿತ್ತು, ಹೇಳೋಕೆ ಆಗಲಿಲ್ಲ. ಜುಲೈ ತಿಂಗಳ ಆ ರಾತ್ರಿಯ ಬಗ್ಗೆ ಕೇಳಬೇಕು ಅಂದುಕೊಂಡಿದ್ದೂ ಗಂಟಲಲ್ಲೇ ಉಳಿಯಿತು. ಅಮ್ಮ, "ಹೊರಡೋಣ, ಕತ್ತಲಾಗುತ್ತೆ" ಅಂದಳು.

ಹೊರಟಿದ್ದು ತಡವಾಗಿ, ಕತ್ತಲಾಗಿಯೇ ಆಯಿತು. ಕೊಪ್ಪ ದಾಟಿದ ಮೇಲೆ ನಾನು ಎರಡೂ ಪರದೆ ಬಿಟ್ಟು ಅಪ್ಪನನ್ನೇ ನೋಡುತ್ತಿದ್ದೆ. ಎದುರಿನಿಂದ ಲಾರಿ ದೀಪ ಬಂದಾಗಲೆಲ್ಲ ಕಾರು ಹೆಚ್ಚುಕಮ್ಮಿ ನಿಂತೇಬಿಡುತ್ತಿತ್ತು. ಅಪ್ಪ ಎರಡು ಸಲ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಕುಪ್ಪಳಿಗೆ ತಿರುಗುವ ಕಡೆ ಬಂದಾಗ ಮೆಲ್ಲಗೆ, ಏನೋ ಸುಮ್ಮನೆ ಕೇಳುವವರ ಹಾಗೆ, "ಆ ಬೋರ್ಡಲ್ಲಿ ಎಂತ ಬರ್ದಿದೆ, ಓದು ನೋಡುವ" ಅಂದರು. ಸಾವಿರ ಸಲ ನೋಡಿದ ಬೋರ್ಡು. ದೊಡ್ಡ ಅಕ್ಷರ, ಹೆಡ್‌ಲೈಟು ಅದರ ಮೇಲೇ ಬಿದ್ದಿತ್ತು. ನಾನು ಓದಿದೆ.

ಹದಿನೈದು ದಿನದಲ್ಲಿ ಶಿವಮೊಗ್ಗದಲ್ಲಿ ಕಣ್ಣು ತೋರಿಸಿದೆವು. ಎರಡೂ ಕಣ್ಣಲ್ಲಿ ಪೊರೆ, ಬಲಗಣ್ಣಿನದ್ದು ಚೆನ್ನಾಗಿ ಬಲಿತಿತ್ತು. ರಾತ್ರಿ ಎದುರು ಬೆಳಕು ಬಂದರೆ ಒಡೆದು ಹರಡಿಕೊಂಡ ಹಾಗೆ ಕಾಣೋದು ಪೊರೆಯ ಸಾಮಾನ್ಯ ಲಕ್ಷಣವಂತೆ. ಮಳೆ, ಕತ್ತಲೆ ಸೇರಿದರೆ ಕೇಳೋದೇ ಬೇಡ. ಎಷ್ಟು ದಿನದಿಂದ ಹೀಗೆ ಅಂತ ಡಾಕ್ಟರ್ ಕೇಳಿದರು. "ಸ್ವಲ್ಪ ದಿನ ಆಯ್ತು" ಅಂದರು ಅಪ್ಪ, ನನ್ನ ಕಡೆ ನೋಡದೆ. ಡಿಸೆಂಬರಿನಲ್ಲಿ ಬಲಗಣ್ಣಿನ ಆಪರೇಷನ್ ಆಯಿತು. ಎಡದ್ದು ಇನ್ನು ಆಗಬೇಕು.

ಕಾರಿನಲ್ಲಿ ಕೊನೆಗೆ ಉಳಿದದ್ದು ಫೋನೇ. ನಾನು ಗೆದ್ದೆ ಅಂತ ಅಲ್ಲ. ಅಪ್ಪ ಕೆಲವು ಷರತ್ತು ಹಾಕಿದರು. ಹೊಸ ಸಿಮ್ಮಿಲ್ಲದ ನನ್ನ ಹಳೇ ಫೋನು ಅವರ ಕಾರಿನ ಖಾಯಂ ನಿವಾಸಿಯಾಗಿದೆ. ಯಾರೂ ಅದಕ್ಕೆ ಕರೆ ಮಾಡುವ ಹಾಗಿಲ್ಲ. ಶಿವಮೊಗ್ಗ, ಚಿಕ್ಕಮಗಳೂರು, ಉಡುಪಿ ಮೂರೂ ಕಡೆಯ ಮ್ಯಾಪ್ ಡೌನ್‌ಲೋಡ್ ಮಾಡಿಟ್ಟಿದ್ದೇನೆ, ಊರಿಗೆ ಹೋದಾಗಲೆಲ್ಲ ವೈಫೈಯಲ್ಲಿ ಹೊಸದು ಮಾಡುತ್ತೇನೆ. ಮಧ್ಯಾಹ್ನದ ಬಿಸಿಲಲ್ಲಿ ಕಾರು ನಿಲ್ಲಿಸಿದರೆ ಅದನ್ನು ಬಿಚ್ಚಿ ಮನೆಯೊಳಗೆ ತರಬೇಕು, ಬಿಸಿಗೆ ಬ್ಯಾಟರಿ ಕೆಡುತ್ತೆ. ಅದು ಅಮ್ಮನ ಖಾತೆ. ಮ್ಯಾಪು ಕನ್ನಡದಲ್ಲಿ ಮಾತಾಡುತ್ತೆ. ಅದರ ಕನ್ನಡ ಅಪ್ಪನಿಗೆ ಅಷ್ಟು ಹಿಡಿಸಿಲ್ಲ, ನಮ್ಮ ಕಡೆಯವಳಲ್ಲ ಅನ್ನುತ್ತಾರೆ. ಡಬ್ಬಿಯ ಪಟ್ಟಿಯನ್ನೆಲ್ಲ ಒಂದೊಂದಾಗಿ ಇದಕ್ಕೆ ವರ್ಗಾಯಿಸಿದೆ, ಮಗಳು 1ರಿಂದ 3 ಕೂಡ. ಆ ಪಿಜಿಗಳಲ್ಲಿ ಒಂದು ಈಗ ಇಲ್ಲವೇ ಇಲ್ಲ, ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿದ್ದಾರೆ. ಅಳಿಸಲಾ ಅಂದೆ. "ಇರ್ಲಿ ಬಿಡು" ಅಂದರು. ಮಗಳು 4 ಅನ್ನು ಅವರೇ ಸೇರಿಸಿದರು.

ಕತ್ತಲಾದ ಮೇಲೆ ಕಾರು ತೆಗೆಯುವಂತಿಲ್ಲ ಅನ್ನೋದು ನನ್ನ ಒಂದೇ ಷರತ್ತು. ಒಪ್ಪಿದ್ದಾರೆ. ಲೊಕೇಶನ್ ವಿಷಯ ನಾನು ಮತ್ತೆ ಎತ್ತಲಿಲ್ಲ. ಜುಲೈ ರಾತ್ರಿಯದ್ದೂ.

ಹೋದ ಭಾನುವಾರ ಮಧ್ಯಾಹ್ನ ಮೂರೂವರೆಗೆ ನನ್ನ ವಾಟ್ಸ್ಯಾಪಿಗೆ ಒಂದು ಸಂದೇಶ ಬಂತು. ಅಪ್ಪ ಅವರ ಸ್ವಂತ ಫೋನಿನಿಂದ, ಯಾರೂ ಹೇಳಿಕೊಡದೆ, ಒಂದು ಗಂಟೆಯ ಮಟ್ಟಿಗೆ ಲೈವ್ ಲೊಕೇಶನ್ ಕಳಿಸಿದ್ದರು. ಮಾತಿಲ್ಲ, ಬರೀ ನಕ್ಷೆ. ಕೊಪ್ಪದಿಂದ ಮನೆ ಕಡೆಗೆ ಚುಕ್ಕೆ ಬರುತ್ತಿತ್ತು. ಅರ್ಧ ದಾರಿಯಲ್ಲಿ ನಿಂತಿತು. ಐದು ನಿಮಿಷ, ಹತ್ತು ನಿಮಿಷ. ಫೋನ್ ಮಾಡಲು ಕೈ ತುರಿಸಿತು. ಮಾಡಲಿಲ್ಲ. ಆಮೇಲೆ ಚುಕ್ಕೆಯೇ ಕಾಣೆಯಾಯಿತು, ಅಲ್ಲಿ ನೆಟ್‌ವರ್ಕ್ ಇರಲ್ಲ.

ಐದು ಗಂಟೆಗೆ ಅಮ್ಮ ಫೋನ್ ಮಾಡಿದಳು. ಬಂದರು, ಕಾಫಿ ಕುಡಿಯುತ್ತಿದ್ದಾರೆ, ದಾರಿಯಲ್ಲಿ ಯಾರೋ ಹಳೇ ಸಾಲಗಾರ ಸಿಕ್ಕಿ ಮಾತಾಡುತ್ತಾ ನಿಂತರಂತೆ. ಹಿಂದಿನಿಂದ ಅಪ್ಪನ ದನಿ: "ಕಾಣಿಸ್ತಾ ಅಂತ ಕೇಳು ಅವಳನ್ನ."